ಊರು ನೋಡುವ ಬಗೆ

ಊರು ನೋಡಲು ಹೊರಟವರಲ್ಲಿ ಅನೇಕರು ಊರಿಗಿಂತ ಹೆಚ್ಚಾಗಿ ಕೈಗಡಿಯಾರವನ್ನೇ ನೋಡುತ್ತಾರೆ. ವೃದ್ಧ ತಾಯಿಯನ್ನು ವಿಜಯಪುರಕ್ಕೆ ಕರೆತಂದ ಮಗನೊಬ್ಬನೂ ಹಾಗೆಯೇ. ಒಂದೇ ದಿನದಲ್ಲಿ ಏಳು ಸ್ಥಳಗಳನ್ನು ನೋಡಿ ಮುಗಿಸಬೇಕೆಂಬುದು ಅವನ ಸಂಕಲ್ಪ.

ಗೋಲಗುಮ್ಮಟದ ಬುಡದಲ್ಲಿ ತಾಯಿ, “ನೀನು ಹತ್ತಿ ಬಾರಪ್ಪ, ನನ್ನ ಮಂಡಿ ಮಾತು ಕೇಳದು” ಎಂದಳು. 1656ರಲ್ಲಿ ಪೂರ್ಣಗೊಂಡ ಆ ಗುಮ್ಮಟದೊಳಗಿನ ಮೊಗಸಾಲೆಯಲ್ಲಿ ಪಿಸುಮಾತೂ ಎದುರುಬದಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ಎದುರುಬದಿಯಲ್ಲಿ ಅವನ ಮಾತನ್ನು ಕೇಳುವವರು ಯಾರೂ ಇರಲಿಲ್ಲ.

ಅಲ್ಲಿಂದ ಇಬ್ರಾಹಿಂ ರೋಜಾ. ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದ ಕಲ್ಲಿನ ಕೆಲಸವನ್ನು ತಾಯಿ ಕಣ್ತುಂಬ ನೋಡಿದಳು. 1627ರಲ್ಲಿ ತೀರಿಕೊಂಡ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ರಾಣಿ ತಾಜ್ ಸುಲ್ತಾನಾಳೊಡನೆ ಮಾತ್ರವಲ್ಲ, ತನ್ನ ತಾಯಿಯೊಡನೆಯೂ ಇಲ್ಲಿಯೇ ಮಲಗಿದ್ದಾನೆಂದು ಮಗ ವಿವರಿಸಿದ.

“ದೊರೆಯಾದರೇನು, ಕಡೆಗೆ ತಾಯಿಯ ಬಳಿಗೇ ಬಂದನಲ್ಲ!” ಎಂದಳವಳು.

ಮಗ ಪಟ್ಟಿಯನ್ನು ಮಡಚಿ ಜೇಬಿಗಿಳಿಸಿದ. ಸಂಜೆಯವರೆಗೂ ಇಬ್ಬರೂ ಅಲ್ಲಿಯೇ ನೆರಳಿನಲ್ಲಿ ಮಾತನಾಡುತ್ತ ಕುಳಿತರು. ಉಳಿದ ಐದು ಸ್ಥಳಗಳು ಉಳಿದೇ ಹೋದವು. ಊರನ್ನು ಇನ್ನೊಮ್ಮೆ ನೋಡಬಹುದು. ಅಂದಿನ ಜೊತೆ ಇನ್ನೊಮ್ಮೆ ದೊರೆತೀತೆಂಬ ಭರವಸೆಯಿಲ್ಲ.