ಗುಮ್ಮಟದ ಎತ್ತರಕ್ಕೆ ಮೊದಲು ನಿರ್ವಹಣೆಯ ಲೆಕ್ಕ

ದೊಡ್ಡ ಮಸೀದಿಯನ್ನು ಕಟ್ಟಲು ಹೊರಟ ಸಮಿತಿಯ ಕೈಯಲ್ಲಿ ನಕ್ಷೆಗಿಂತ ಮೊದಲೇ ಒಂದು ಚಿತ್ರವಿರುತ್ತದೆ. ಮದೀನಾದ ಹಸಿರು ಗುಮ್ಮಟವನ್ನೋ ಇಸ್ತಾಂಬುಲಿನ ಚೂಪು ಮಿನಾರುಗಳನ್ನೋ ತೋರಿಸಿ ಹಾಗೆಯೇ ಇರಲಿ ಎನ್ನುವುದು ವಾಡಿಕೆ. ಚಿಕ್ಕಜಾಜೂರು, ಹೊಳಲ್ಕೆರೆ, ಹಿರಿಯೂರುಗಳಂತಹ ಊರುಗಳಲ್ಲಿ ದೇಣಿಗೆಯ ಪುಸ್ತಕ ಮೊದಲು ಬರುವುದು ಅಂಗಡಿಗಳಿಗೇ ಆದ್ದರಿಂದ, ವಿನ್ಯಾಸದ ಬಗ್ಗೆ ವರ್ತಕರು ನಾಲ್ಕು ಪ್ರಶ್ನೆ ಕೇಳುವುದು ಅಧಿಕಪ್ರಸಂಗವಾಗಲಾರದು.

ಲೆಕ್ಕಪರಿಶೋಧಕನ ಕಣ್ಣಿಗೆ ಇದೊಂದು ವಿಚಿತ್ರ ಆಸ್ತಿ. ಶುಕ್ರವಾರದ ಮಧ್ಯಾಹ್ನ ತುಂಬಿ ತುಳುಕುವ ಸಭಾಂಗಣದಲ್ಲಿ ಉಳಿದ ವೇಳೆ ಕೆಲವೇ ಸಾಲುಗಳು ನಿಲ್ಲುತ್ತವೆ. ಆ ಸ್ವಲ್ಪ ಹೊತ್ತಿಗಾಗಿ ಇಡೀ ಕಟ್ಟಡಕ್ಕೆ ಗಾಜು ಹೊದಿಸಿ ಹವಾನಿಯಂತ್ರಣ ಅಳವಡಿಸಿದರೆ, ಒಮ್ಮೆ ಬಂದ ದೇಣಿಗೆಯ ಹಿಂದೆ ತಿಂಗಳು ತಿಂಗಳೂ ವಿದ್ಯುತ್ ಬಿಲ್ಲು ಬರುತ್ತದೆ. (ನಮ್ಮ ಕಲ್ಯಾಣಮಂಟಪಗಳ ಕಥೆಯೂ ಇದೇ.)

ನಾಡಿನ ಹಳೆಯ ಶಿಲ್ಪಿಗಳಿಗೆ ಈ ಸಮಸ್ಯೆ ತಿಳಿದಿತ್ತು. ಒಂದನೇ ಅಲಿ ಆದಿಲ್ ಶಾಹನ ಕಾಲದಲ್ಲಿ ಆರಂಭವಾದ ವಿಜಯಪುರದ ಜಾಮಿ ಮಸೀದಿಯಲ್ಲಿ ಹೆಚ್ಚಿನ ಜನಸಂದಣಿಗೆ ತೆರೆದ ಅಂಗಳವಿದೆ; ಒಳಗಿನ ನೆಲದ ಮೇಲೆ 2,250 ಜನರ ಸ್ಥಳವನ್ನು ಗೆರೆ ಎಳೆದು ಗುರುತಿಸಲಾಗಿದೆ. ಸಾಮರ್ಥ್ಯವನ್ನು ಇಷ್ಟು ಸ್ಪಷ್ಟವಾಗಿ ನಮೂದಿಸಿದ ಅಂದಾಜು ಪಟ್ಟಿಯನ್ನು ನಾನು ಕಂಡಿದ್ದು ವಿರಳ. ಕಲಬುರಗಿ ಕೋಟೆಯೊಳಗಿನ 1367ರ ಮಸೀದಿಗೆ ಅಂಗಳವೇ ಇಲ್ಲ. ಇಡೀ ವಿಸ್ತಾರಕ್ಕೆ ಚಾವಣಿ ಹೊದಿಸಿದರೂ ಬದಿಯ ಅಗಲ ಕಮಾನುಗಳಿಂದ ಗಾಳಿ, ಬೆಳಕು ಒಳಬರುತ್ತವೆ.

ಗುಮ್ಮಟವಿಲ್ಲದೆ ಮಸೀದಿಯೇ ಎಂದು ಕೇಳುವವರುಂಟು. ತುರ್ಕಿಯ ವೇದಾತ್ ದಲೋಕಾಯ್ ವಿನ್ಯಾಸಗೊಳಿಸಿ 1986ರಲ್ಲಿ ಪೂರ್ಣಗೊಂಡ ಇಸ್ಲಾಮಾಬಾದಿನ ಫೈಸಲ್ ಮಸೀದಿ ಡೇರೆಯ ಆಕಾರದಲ್ಲಿದೆ, ಅದಕ್ಕೆ ಗುಮ್ಮಟವಿಲ್ಲ. ಢಾಕಾದಲ್ಲಿ ಮರೀನಾ ತಬಸ್ಸುಮ್ 2012ರಲ್ಲಿ ಪೂರ್ಣಗೊಳಿಸಿದ ಬೈತುರ್ರೌಫ್ ಮಸೀದಿ ಗಾತ್ರದಲ್ಲಿ ಚಿಕ್ಕದಾದರೂ ನಮಗೆ ಹೆಚ್ಚು ಹತ್ತಿರದ್ದು. ಅಲ್ಲಿ ಗುಮ್ಮಟವೂ ಇಲ್ಲ, ಮಿನಾರೂ ಇಲ್ಲ. ಸ್ಥಳೀಯ ಇಟ್ಟಿಗೆಯ ಗೋಡೆಗಳ ರಂಧ್ರಗಳಿಂದ ಗಾಳಿ ಆಡುತ್ತದೆ, ಚಾವಣಿಯ ಕಿಂಡಿಗಳಿಂದ ಬೆಳಕು ಇಳಿಯುತ್ತದೆ. 2016ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಸಂದಿತು.

ಗುಮ್ಮಟ ಕಂಡರೆ ದೇಣಿಗೆ ಹರಿದುಬರುತ್ತದೆ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಗುಮ್ಮಟವೇ ಬೇಡವೆಂಬುದು ನನ್ನ ವಾದವೂ ಅಲ್ಲ. ಆದರೆ ಗುಮ್ಮಟ ಶಬ್ದವನ್ನು ಮರಳಿಸುತ್ತದೆ. ಗೋಳಗುಮ್ಮಟದಲ್ಲಿ ಪ್ರವಾಸಿಗರಿಗೆ ಬೆರಗಾಗಿರುವ ಪ್ರತಿಧ್ವನಿ, ಪ್ರಾರ್ಥನಾ ಸಭಾಂಗಣದಲ್ಲಿ ಪ್ರವಚನವನ್ನು ಗೋಜಲಾಗಿಸುತ್ತದೆ. ಅದನ್ನು ಸರಿಪಡಿಸುವ ಖರ್ಚು ಮೊದಲ ಅಂದಾಜಿನಲ್ಲೇ ಇರಬೇಕು.

ಬರ ಕಂಡ ನಮ್ಮ ಜಿಲ್ಲೆಯಲ್ಲಿ ವುಜೂ ನೀರಿನ ಲೆಕ್ಕವೂ ಮುಖ್ಯ. ದಿನಕ್ಕೆ ಐದು ಬಾರಿ ಹರಿದುಹೋಗುವ, ಸೋಪು ಬೆರೆಯದ ಈ ನೀರನ್ನು ಚರಂಡಿಗೆ ಬಿಡದೆ ಇಂಗುಗುಂಡಿಗೋ ಗಿಡಮರಗಳಿಗೋ ಹಾಯಿಸುವ ಕೊಳವೆಗೆ ತಳಪಾಯದ ಹಂತದಲ್ಲಿ ತಗಲುವ ವೆಚ್ಚ ಅಲ್ಪ. ನೆಲಹಾಸು ಮುಗಿದ ಮೇಲೆ ಎಲ್ಲವನ್ನೂ ಅಗೆಯಬೇಕು.

ಆದ್ದರಿಂದ ಸಮಿತಿಗಳು ವಾಸ್ತುಶಿಲ್ಪಿಯಿಂದ ನಕ್ಷೆಯ ಜೊತೆಗೆ ಇಪ್ಪತ್ತು ವರ್ಷಗಳ ವಿದ್ಯುತ್, ನೀರು, ಬಣ್ಣ ಹಾಗೂ ದುರಸ್ತಿಯ ಅಂದಾಜನ್ನು ಲಿಖಿತವಾಗಿ ಪಡೆಯಲಿ. ಸಂಗ್ರಹದ ಒಂದು ಭಾಗವನ್ನು ನಿರ್ವಹಣಾ ನಿಧಿಯಾಗಿ ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಇರಿಸಿದ ನಂತರವೇ ಗುಮ್ಮಟದ ಎತ್ತರವನ್ನು ನಿಗದಿಪಡಿಸಲಿ. ರಸೀದಿ ಪಡೆಯುವ ವರ್ತಕರು ಆ ಅಂದಾಜಿನ ಪ್ರತಿಯನ್ನೂ ಕೇಳಬಹುದು.