ಕಿವಿಯ ಮೆಷಿನು ಬೀರು ಸೇರದಿರಲಿ

ಕನ್ನಡಕ ಹಾಕಿಕೊಂಡ ಮರುಕ್ಷಣವೇ ಪಂಚಾಂಗದ ಸಣ್ಣ ಅಕ್ಷರ ಸ್ಪಷ್ಟವಾಗಿಬಿಡುತ್ತದೆ. ಕಿವಿಯ ಮೆಷಿನೂ ಹಾಗೇ ಇರುತ್ತದೆಂದು ಬಹಳ ಮಂದಿ ಅಂದುಕೊಂಡಿರುತ್ತಾರೆ. ಸಾವಿರಾರು ರೂಪಾಯಿ ಕೊಟ್ಟು ತಂದು, ಹಾಕಿಕೊಂಡು ಅಡುಗೆಮನೆಗೆ ಕಾಲಿಟ್ಟರೆ ಕುಕ್ಕರಿನ ಸೀಟಿ ತಲೆಯೊಳಗೇ ಕೂಗಿದ ಹಾಗೆ, ಸ್ಟೀಲ್ ತಟ್ಟೆ ಇಟ್ಟರೆ ಸಿಡಿಲು ಬಡಿದ ಹಾಗೆ! ತನ್ನ ದನಿಯೇ ಕೊಡದೊಳಗಿನಿಂದ ಬಂದಂತಿರುತ್ತದೆ. "ಇದರ ಸಹವಾಸ ಸಾಕಪ್ಪಾ" ಎಂದು ತೆಗೆದು ಡಬ್ಬಿಗೆ ಹಾಕಿ, ಡಬ್ಬಿಯನ್ನು ಬೀರುವಿನಲ್ಲಿಟ್ಟರೆ ಅಲ್ಲಿಗೆ ಕಥೆ ಮುಗಿಯಿತು. ಹಾಗೆ ಮುಗಿಯಬಾರದು ಸೋದರಿಯರೇ. ದೋಷ ಮೆಷಿನಿನದ್ದೂ ಅಲ್ಲ, ನಿಮ್ಮದೂ ಅಲ್ಲ. ಅದಕ್ಕೆ ಬೇಕಾದದ್ದು ಕೆಲವು ವಾರಗಳ ಅಭ್ಯಾಸ.

ಯಾಕೆ ಹೀಗೆ?

ವಯಸ್ಸಾದಂತೆ ಕಿವಿ ಕೇಳಿಸದಾಗುವುದು ಸಾಮಾನ್ಯವಾಗಿ ನಿಧಾನವಾಗಿ, ಮೊದಲು ಸಣ್ಣ ಕೀಚಲು ಸದ್ದುಗಳಿಂದ. ಮಾತಿನಲ್ಲಿ ಆ, ಓ ಮುಂತಾದ ಸ್ವರಗಳು ಗಟ್ಟಿ. ಸ, ಕ, ತ, ಪ ಇವು ತೆಳು. ಅದಕ್ಕೇ "ಸಾಲು" ಎಂದರೋ, "ಕಾಲು" ಎಂದರೋ, "ಪಾಲು" ಎಂದರೋ ತಿಳಿಯುವುದಿಲ್ಲ. "ಕೇಳ್ಸತ್ತೆ, ಆದ್ರೆ ಅರ್ಥ ಆಗಲ್ಲ" ಅಂತ ಹಿರಿಯರು ಹೇಳುವುದು ಸುಳ್ಳಲ್ಲ. ವರ್ಷಗಟ್ಟಲೆ ಈ ಸದ್ದುಗಳಿಲ್ಲದೆ ಇದ್ದ ಮಿದುಳಿಗೆ ಮೆಷಿನು ಅವೆಲ್ಲವನ್ನೂ ಒಮ್ಮೆಲೇ ತಂದು ಸುರಿಯುತ್ತದೆ. ಫ್ಯಾನು, ನಲ್ಲಿ, ಸೀರೆಯ ಸರಬರ, ಎಲ್ಲವೂ ಮುಂದಕ್ಕೆ ಬಂದು ನಿಲ್ಲುತ್ತವೆ. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎನ್ನುವುದನ್ನು ಮಿದುಳು ಮತ್ತೆ ಕಲಿಯಬೇಕು. ಬೀರುವಿನಲ್ಲಿಟ್ಟರೆ ಕಲಿಯುವುದು ಹೇಗೆ?

ಅಭ್ಯಾಸದ ಕ್ರಮ

ನಿಮ್ಮ ಶ್ರವಣ ತಜ್ಞರು ಬೇರೆ ರೀತಿ ಹೇಳಿಲ್ಲವಾದರೆ ಹೀಗೆ ಮಾಡಿ ನೋಡಿ. ಮೊದಲ ದಿನಗಳಲ್ಲಿ ಮನೆಯಲ್ಲಿ ಗದ್ದಲವಿಲ್ಲದ ಹೊತ್ತಿನಲ್ಲಿ ಎರಡು ಮೂರು ಗಂಟೆ ಹಾಕಿಕೊಳ್ಳಿ. ಪತ್ರಿಕೆಯನ್ನು ಗಟ್ಟಿಯಾಗಿ ಓದಿ. ನಿಮ್ಮ ದನಿ ನಿಮಗೇ ಪರಿಚಯವಾಗಲಿ. ಆಮೇಲೆ ಒಬ್ಬರ ಜೊತೆ ಎದುರುಬದುರು ಕೂತು ಮಾತು. ದಿನದಿನಕ್ಕೆ ಹೊತ್ತು ಹೆಚ್ಚಿಸುತ್ತಾ ಟಿ.ವಿ., ಅಡುಗೆಮನೆ, ನಾಲ್ಕು ಜನರ ಹರಟೆ. ಮದುವೆಯ ಛತ್ರ, ವಾಲಗದ ಗದ್ದಲ ಕಟ್ಟಕಡೆಗೆ. ಕೊನೆಗೆ ನಿದ್ದೆ, ಸ್ನಾನ ಬಿಟ್ಟು ಎಚ್ಚರವಿರುವಷ್ಟು ಹೊತ್ತೂ ಕಿವಿಯಲ್ಲೇ ಇರಬೇಕು. "ಯಾರಾದ್ರೂ ಬಂದಾಗ ಮಾತ್ರ ಹಾಕ್ಕೋತೀನಿ" ಎಂದರೆ ಅಭ್ಯಾಸ ಕೈಗೂಡುವುದಿಲ್ಲ.

ಫೋನು ಬಂದಾಗ ರಿಸೀವರನ್ನೋ ಮೊಬೈಲನ್ನೋ ಕಿವಿಯ ತೂತಿಗೆ ಒತ್ತಬೇಡಿ. ಕಿವಿಯ ಹಿಂದೆ ಕೂರುವ ಮೆಷಿನಿನ ಮೈಕು ಮೇಲ್ಗಡೆ ಇರುತ್ತದೆ. ಸ್ವಲ್ಪ ಮೇಲಕ್ಕೆ ಹಿಡಿದರೆ ಚೆನ್ನಾಗಿ ಕೇಳಿಸುತ್ತದೆ. ತಲೆ ಮೇಲೆ ಸೆರಗು ಹೊದೆಯುವವರಿಗೆ ಬಟ್ಟೆ ಉಜ್ಜಿದ ಸದ್ದು ಬರುವುದುಂಟು. ಅದಕ್ಕೆ ಗಾಬರಿ ಬೇಡ. ಮಾಟಿ ಹಾಕುವವರು ಅದು ಮೆಷಿನಿಗೆ ತೊಡರದಂತೆ ನೋಡಿಕೊಳ್ಳಿ.

ಮೆಷಿನಿನ ಆರೈಕೆ

ಇದಕ್ಕೆ ನೀರು, ಎಣ್ಣೆ, ಬೆವರು ಮೂರೂ ವೈರಿಗಳು. ಎಣ್ಣೆಸ್ನಾನದ ದಿನ ತಲೆಗೆ ಎಣ್ಣೆ ಮುಟ್ಟಿಸುವ ಮೊದಲೇ ತೆಗೆದಿಟ್ಟು, ಕೂದಲು ಒಣಗಿದ ಮೇಲೆಯೇ ಹಾಕಿಕೊಳ್ಳಿ. ಒಣ ಮೆತ್ತನೆ ಬಟ್ಟೆಯಿಂದ ದಿನವೂ ಒರೆಸಿ, ಸ್ಪಿರಿಟ್ಟು ಬೇಡ. ರಾತ್ರಿ ಬ್ಯಾಟರಿಯ ಬಾಗಿಲು ತೆರೆದು, ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಮಲೆನಾಡು, ಕರಾವಳಿಯವರಿಗೆ ಮಳೆಗಾಲದಲ್ಲಿ ಇದು ಬಹಳ ಮುಖ್ಯ. ಚಾರ್ಜ್ ಮಾಡುವ ಬಗೆಯದಾದರೆ ಚಾರ್ಜರಿನಲ್ಲಿಡಬೇಕು. ಕೆಂಪು ಗುರುತಿನದು ಬಲಗಿವಿಗೆ, ನೀಲಿಯದು ಎಡಗಿವಿಗೆ.

ಗುಂಡಿ ಬ್ಯಾಟರಿಗಳು ಗಾಳಿ ತಗುಲಿದರೆ ಕೆಲಸ ಮಾಡುವಂಥವು. ಮೇಲಿನ ಬಣ್ಣದ ಚೀಟಿ ಕಿತ್ತ ಮೇಲೆ ಒಂದೆರಡು ನಿಮಿಷ ಬಿಟ್ಟು ಹಾಕಿ. ಮತ್ತೆ ಚೀಟಿ ಅಂಟಿಸಿದರೆ ಉಳಿತಾಯವಾಗುವುದಿಲ್ಲ. ಚೀಟಿಯ ಬಣ್ಣವೇ ಅಳತೆ: 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಮಕ್ಕಳ ಕೈಗೆ ಸಿಗದಂತೆ ಇಡಿ. ಮಗು ನುಂಗಿತೆಂದರೆ ಕಾಯುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ಮೆಷಿನು ಕುಯ್ಯೆಂದು ಸೀಟಿ ಹೊಡೆದರೆ ಸರಿಯಾಗಿ ಕೂತಿಲ್ಲವೆಂದೋ, ಕಿವಿಯಲ್ಲಿ ಗುಗ್ಗೆ ತುಂಬಿದೆಯೆಂದೋ ಅರ್ಥ. ಹೇರ್‌ಪಿನ್ನು ಹಾಕಿ ಕೆದಕಬೇಡಿ, ವೈದ್ಯರಿಂದ ತೆಗೆಸಿ. ಒತ್ತಿ ಹುಣ್ಣಾದರೆ, ಸದ್ದು ನೋವೆನಿಸುವಷ್ಟು ಜೋರಾದರೆ ಸಹಿಸಿಕೊಂಡಿರಬೇಡಿ. ಯಾವ ಯಾವ ಸದ್ದು ಕಷ್ಟವಾಯಿತೆಂದು ಬರೆದುಕೊಂಡು ಹೋದರೆ ತಜ್ಞರು ಅದಕ್ಕೆ ತಕ್ಕಂತೆ ಸರಿಪಡಿಸುತ್ತಾರೆ. ಎರಡು ಮೂರು ಸಲ ಹೋಗಬೇಕಾಗುವುದು ಸಹಜ. ಕಿವಿ ಸೋರಿದರೆ ಅಥವಾ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ಮಾತ್ರ ಅಂದೇ ವೈದ್ಯರನ್ನು ನೋಡಿ.

ಮನೆಯವರಿಗೆ ಒಂದು ಮಾತು

ಕಿವಿ ಮಂದವಾದವರನ್ನು ಎಲ್ಲಕ್ಕಿಂತ ನೋಯಿಸುವುದು "ಏನಿಲ್ಲ ಬಿಡು" ಎಂಬ ಮಾತು. ಊಟದ ಹೊತ್ತಿನಲ್ಲಿ ಎಲ್ಲರೂ ನಗುತ್ತಾರೆ, "ಏನಂತೆ?" ಎಂದು ಅತ್ತೆ ಕೇಳುತ್ತಾರೆ, ಸೊಸೆಯೋ ಮಗನೋ "ಏನಿಲ್ಲ ಬಿಡಮ್ಮ" ಎಂದು ಮುಗಿಸಿಬಿಡುತ್ತಾರೆ. ಹತ್ತು ಸಲ ಹೀಗಾದರೆ ಹನ್ನೊಂದನೆಯ ಸಲ ಆಕೆ ಕೇಳುವುದನ್ನೇ ಬಿಡುತ್ತಾರೆ, ಕೂತಲ್ಲೇ ಒಂಟಿಯಾಗುತ್ತಾರೆ. ಮೆಷಿನು ಕೊಡಿಸಿದೆವು, ಕರ್ತವ್ಯ ಮುಗಿಯಿತು ಎನ್ನಬೇಡಿ. ಹೆಸರು ಹಿಡಿದು ಕರೆದು, ಮುಖ ಕಾಣುವಂತೆ, ಬೆಳಕಿನಲ್ಲಿ ನಿಂತು, ಕಿರುಚದೆ ನಿಧಾನವಾಗಿ ಮಾತಾಡಿ. ತಿಳಿಯದಿದ್ದರೆ ಅದನ್ನೇ ಜೋರಾಗಿ ಹೇಳುವ ಬದಲು ಬೇರೆ ಪದದಲ್ಲಿ ಹೇಳಿ. ಟಿ.ವಿ. ಸ್ವಲ್ಪ ತಗ್ಗಿಸಿ.

ಪರೀಕ್ಷೆಗೆ ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ವಿಚಾರಿಸಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ಕಡಿಮೆ ವರಮಾನದವರಿಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಮೆಷಿನು ಸಿಗುತ್ತದೆ. ವರಮಾನದ ಪತ್ರ, ಅಂಗವೈಕಲ್ಯದ ಪ್ರಮಾಣಪತ್ರ ಬೇಕು.

ನಿಮ್ಮ ಮನೆಯ ಬೀರುವಿನಲ್ಲೂ ಅಂಥದೊಂದು ಡಬ್ಬಿ ಇದೆಯೇ? ಇಂದೇ ಹೊರಗೆ ತೆಗೆದು, ಹೊಸ ಬ್ಯಾಟರಿ ಹಾಕಿ ನೋಡಿ. ಸರಿಯಿಲ್ಲವೆನಿಸಿದರೆ ತಜ್ಞರಲ್ಲಿಗೆ ಒಯ್ಯಿರಿ.