ಸಂದೇಹದ ಸ್ಥಳಕ್ಕೊಂದು ಗುರುತು

ಅಚ್ಚಾದ ಪುಸ್ತಕವನ್ನು ಓದುವಾಗ ನಿಲ್ಲಿಸಿದೆಡೆಯಲ್ಲಿ ನವಿಲುಗರಿಯನ್ನೋ ಕಾಗದದ ಚೂರನ್ನೋ ಇಡುವುದು ನಮ್ಮೆಲ್ಲರ ರೂಢಿ. ಆದರೆ ಅದೇ ವಿದ್ಯಾರ್ಥಿಯು ಕಂಪ್ಯೂಟರಿನಲ್ಲಿ ಸಾವಿರಾರು ಸಾಲುಗಳ ಟಿಪ್ಪಣಿಯನ್ನು ತೆರೆದಾಗ ಈ ವಿವೇಕವನ್ನು ಮರೆತು, ಬೇಕಾದ ಸ್ಥಳಕ್ಕಾಗಿ ಪರದೆಯನ್ನು ಮೇಲಕ್ಕೂ ಕೆಳಕ್ಕೂ ಸರಿಸುತ್ತ ಹೊತ್ತು ಕಳೆಯುತ್ತಾನೆ.

"ಪದವನ್ನು ಹುಡುಕಿಕೊಡುವ ಸೌಕರ್ಯವಿರುವಾಗ ಗುರುತೇಕೆ?" ಎಂದು ಕೆಲವರು ಕೇಳುವುದುಂಟು. ಹುಡುಕಬೇಕಾದರೆ ಆ ಪದವು ನೆನಪಿರಬೇಕಷ್ಟೆ. ನಾವು ಮರಳಿ ಹೋಗಬೇಕಾದ ಸ್ಥಳವಾದರೋ ಬಹುಮಟ್ಟಿಗೆ ನಮಗೆ ಅರ್ಥವಾಗದೆ ಉಳಿದ ಸ್ಥಳ. ಅರ್ಥವಾಗದುದು ನೆನಪಿನಲ್ಲಿ ನಿಲ್ಲುವುದು ಕಷ್ಟ. ಒಮ್ಮೆ ಉಷ್ಣಗತಿವಿಜ್ಞಾನದ ಪಾಠಕ್ಕೆ ಸಿದ್ಧನಾಗುತ್ತಿದ್ದಾಗ, ಒಂದು ಋಣಚಿಹ್ನೆಯ ಬಗ್ಗೆ ನನಗೆ ಸಂದೇಹ ಬಂದಿತು. ಗುರುತು ಮಾಡದೆ ಮುಂದುವರಿದೆ. ಮರುದಿನ 'ಎಂಟ್ರೊಪಿ' ಎಂದು ಹುಡುಕಿದರೆ ಆ ಪದವು ಪುಟಪುಟದಲ್ಲಿಯೂ ಇದ್ದಿತು! ಸ್ಥಳ ಸಿಕ್ಕಲಿಲ್ಲ; ಸಂದೇಹವನ್ನು ಬಗೆಹರಿಸಿಕೊಳ್ಳದೆಯೇ ತರಗತಿಗೆ ಹೋದೆನೆಂದು ಹೇಳಿಕೊಳ್ಳಲು ಇಂದಿಗೂ ನಾಚಿಕೆಯಾಗುತ್ತದೆ.

ಇದಕ್ಕೆ ಉಪಾಯವು ಹೊಸದೇನೂ ಅಲ್ಲ. 1976ರಲ್ಲಿ ಬಿಲ್ ಜಾಯ್ ಅವರು ರಚಿಸತೊಡಗಿದ 'ವಿಐ' ಎಂಬ ಟೆಕ್ಸ್ಟ್ ಎಡಿಟರಿನಲ್ಲಿಯೂ, ಅದನ್ನು ಅನುಸರಿಸಿ 1991ರಲ್ಲಿ ಹೊರಬಂದ 'ವಿಮ್'ನಲ್ಲಿಯೂ, ಆಜ್ಞೆಗಳನ್ನು ಸ್ವೀಕರಿಸುವ ಸ್ಥಿತಿಯಲ್ಲಿ 'ಎಂ' ಕೀಲಿಯನ್ನೂ ಅನಂತರ 'ಎ' ಕೀಲಿಯನ್ನೂ ಒತ್ತಿದರೆ, ಆ ಸ್ಥಳಕ್ಕೆ 'ಎ' ಎಂಬ ಗುರುತು ಬೀಳುತ್ತದೆ. ಬಳಿಕ ಅಪಾಸ್ಟ್ರಫಿಯನ್ನೂ 'ಎ'ಯನ್ನೂ ಒತ್ತಿದೊಡನೆ ಆ ಸಾಲಿಗೆ ಮರಳಬಹುದು.

ಇಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗೆ ಆಸಕ್ತಿಕರವಾದ ಪ್ರಶ್ನೆಯೊಂದಿದೆ. ಸಾಲಿನ ಸಂಖ್ಯೆಯೆಂಬುದು ಆರಂಭದಿಂದ ಅಳೆದ ದೂರ ಮಾತ್ರ. ಮುಂಭಾಗದಲ್ಲಿ ಹತ್ತು ಸಾಲುಗಳನ್ನು ಸೇರಿಸಿದರೆ 500ನೆಯ ಸಾಲು 510ನೆಯದಾಗುವುದು. ಊರಬಾಗಿಲಿನಿಂದ ನಲವತ್ತನೆಯ ಮನೆ ಎಂದು ಗುರುತಿಟ್ಟುಕೊಂಡವನು, ನಡುವೆ ಹೊಸ ಮನೆಗಳು ಎದ್ದರೆ ದಾರಿ ತಪ್ಪುವನು. ಆಲದ ಮರದ ಪಕ್ಕದ ಮನೆ ಎಂದುಕೊಂಡವನು ತಪ್ಪನು. 'ಗ್ನೂ ಇಮ್ಯಾಕ್ಸ್' ಎಂಬ ಎಡಿಟರು ಈ ಎರಡನೆಯವನ ಜಾಣ್ಮೆಯನ್ನೂ ಬಳಸುತ್ತದೆ. ಅದು ಗುರುತಿನ ಸ್ಥಾನದೊಡನೆ ಹಿಂದುಮುಂದಿನ ಕೆಲವು ಅಕ್ಷರಗಳನ್ನೂ ಉಳಿಸಿಕೊಂಡು, ಕಡತವು ಬದಲಾದರೆ ಅವುಗಳ ಸಹಾಯದಿಂದ ಸ್ಥಳವನ್ನು ಅರಸುತ್ತದೆ.

ಆದರೂ ವಿದ್ಯಾರ್ಥಿಗಳಿಗೆ ನಾನು ಮೊದಲು ಸೂಚಿಸುವುದು ಇನ್ನೂ ಸರಳವಾದ ಕ್ರಮವನ್ನು. ಬರೆಹದಲ್ಲಿ ಬೇರೆಲ್ಲಿಯೂ ಬಾರದ '@@' ಎಂಬಂತಹ ಚಿಹ್ನೆಯನ್ನು ಹಾಕಿ, ಪಕ್ಕದಲ್ಲಿ "ಇಲ್ಲಿ ಋಣಚಿಹ್ನೆ ಏಕೆ?" ಎಂದು ಸಂದೇಹವನ್ನೇ ಬರೆಯಿರಿ. ಆ ಚಿಹ್ನೆಯನ್ನು ಹುಡುಕಿದರೆ ಸಂದೇಹಗಳೆಲ್ಲ ಸಾಲಾಗಿ ಎದುರಾಗುವುವು. ಇದಕ್ಕೆ ಯಾವ ಎಡಿಟರಾದರೂ ಸಾಕು. ಕಡತವು ಹೋದೆಡೆಗೆಲ್ಲ ಗುರುತೂ ಹೋಗುವುದು. ಬೇರೆಯವರ ಕಡತದಲ್ಲಿ ಅಥವಾ ಪ್ರಯೋಗದ ಅಂಕಿ ಅಂಶಗಳಲ್ಲಿ ಮಾತ್ರ ಹೀಗೆ ಬರೆಯಲಾಗದು. ಅಲ್ಲಿ ಎಡಿಟರಿನ ಗುರುತುಗಳೇ ಯೋಗ್ಯ.

ಸಂದೇಹವು ತೀರಿದೊಡನೆ ಗುರುತನ್ನು ಅಳಿಸಿರಿ. ಆಗ ಪರೀಕ್ಷೆಯ ಮುನ್ನಾದಿನ ಕಡತದಲ್ಲಿ ಎಷ್ಟು ಗುರುತುಗಳು ಉಳಿದಿವೆಯೋ, ಕಲಿಯಬೇಕಾದುದೂ ಅಷ್ಟೇ ಉಳಿದಿದೆಯೆಂದು ತಿಳಿಯಬಹುದು.